ಜೊಂಡಿಗೆ ಚೆಲ್ಲಿದ ಚರಗ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ಜಲನಗರದ ನಮ್ಮ ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಇರಲಿ, ಸುಳ್ಳೇನಲ್ಲ. ಆದರೆ ಪಕ್ಕದ ಹೊಲದ ಮುದುಕಿ, ಎಲ್ಲರೂ ಆಯಿ ಎನ್ನುವವಳು, ನನ್ನ ಶೆಡ್ಡಿನ ಬಾಗಿಲಿಗೆ ಬಂದು ನಿಂತ ದಿನ ಆ ಸಿಟ್ಟು ಕೆಲಸಕ್ಕೆ ಬರಲಿಲ್ಲ.

ಊರಾಚೆಯ ಕೈಗಾರಿಕಾ ಪ್ರದೇಶದ ಕೊನೆಗೆ ನನ್ನದೊಂದು ಒಣದ್ರಾಕ್ಷಿ ತೊಳೆಯುವ ಘಟಕವಿದೆ. ತಿಕೋಟಾ ಕಡೆಯ ತೋಟಗಳಿಂದ ಬಂದ ಮಾಲನ್ನು ತೊಳೆದು, ಒಣಗಿಸಿ, ಆರಿಸಿ, ಡಬ್ಬಿಗೆ ತುಂಬುತ್ತೇವೆ. ತೊಳೆದ ನೀರು ಹಿಂದಿನ ಗೋಡೆ ದಾಟಿದರೆ ನಮ್ಮ ಪಾಲಿಗೆ ಅದರ ಕತೆ ಮುಗಿಯಿತು. ಅದು ತಗ್ಗಿನಲ್ಲಿ ನಿಂತು, ಹುಳಿತು, ಕಪ್ಪಾಗಿ ನಾರುತ್ತಿತ್ತು. ಬೇಲಿಯ ಆಚೆ ಆಯಿಯ ಜೋಳದ ಹೊಲ, ಹೊಲದ ನಡುವೆ ಬಾವಿ; ನಾರುವ ನೀರು ನೆಲದೊಳಗೆ ಇಂಗಿ ಅಲ್ಲಿಗೇ ಇಳಿಯುತ್ತಿತ್ತು.

ಆಯಿ ಜಗಳಕ್ಕೆ ಬಂದಿರಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು, ನಾನೂ ಆಡುತ್ತಿದ್ದೆ.

"ಮನಿಗೆ ಬಂದವರಿಗೆ ಒಂದ್ ತಂಬಿಗಿ ನೀರ ಕೊಡಾಕ ಆಗವಲ್ದು ತಂಗಿ," ಅಂದಳು. "ಕ್ಯಾನಿನ ನೀರ ಕೊಡಾಕತ್ತೇನಿ. ನಾಚಿಕಿ ಬರ್ತೈತಿ."

ನಮ್ಮ ಕಡೆ ಬಂದವರು ಯಾರು, ಏನು ಎಂದು ಕೇಳುವ ಮೊದಲೇ ತಂಬಿಗೆ ನೀರು, ಒಂದು ಚೂರು ಬೆಲ್ಲ ಮುಂದಿಡುತ್ತಾರೆ. ಅದನ್ನೇ ನಾನು ಆಕೆಯ ಮನೆಯಿಂದ ಕಿತ್ತುಕೊಂಡಿದ್ದೆ. ನಿಮ್ಮ ಬಾವಿಯ ನೀರು ಮೊದಲಿನ ಹಾಗೆ ಆಗುವಂತೆ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಹೇಗೆ ಎನ್ನುವುದು ಮಾತ್ರ ದೇವರಾಣೆಗೂ ಗೊತ್ತಿರಲಿಲ್ಲ.

ನೀರು ಶುದ್ಧ ಮಾಡುವ ದೊಡ್ಡ ಯಂತ್ರ ಕೂಡಿಸಲು ಹೊರಟ ನನ್ನನ್ನು ತಡೆದವಳು ಕೃಷಿ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ತಂಗಿ. ತಗ್ಗಿಗೆ ತಳ ಕಟ್ಟಿಸು, ಜಲ್ಲಿ ತುಂಬು, ಮೇಲೆ ಜೊಂಡು ನೆಡು, ನೀರು ಬೇರುಗಳ ನಡುವೆ ನಿಧಾನ ಹಾಯಲಿ, ಬೇರಿಗೆ ಅಂಟಿದ ಸಣ್ಣ ಜೀವಗಳು ಹೊಲಸನ್ನು ತಿಂದು ಹಾಕುತ್ತವೆ ಎಂದಳು. ಕಾರ್ಖಾನೆಯ ನೀರನ್ನು ಹುಲ್ಲಿನ ಕೈಲಿ ತೊಳೆಸುತ್ತೀಯಾ ಎಂದು ನಕ್ಕೆ. ನಕ್ಕರೂ ಮಾಡಿಸಿದೆ. ಬಬಲೇಶ್ವರದ ಕಡೆಯ ಹಳ್ಳದಿಂದ ಜೊಂಡು ತರಿಸಿದೆ. ಶ್ರಾವಣ ಬರುವಷ್ಟರಲ್ಲಿ ಅದು ಸೊಂಟದೆತ್ತರ ನಿಂತು, ವಾಸನೆ ಅರ್ಧ ಇಳಿದಿತ್ತು. ತಗ್ಗಿನ ಮೇಲೆ ಏರೋಪ್ಲೇನ್ ಚಿಟ್ಟೆಗಳು ಹಾರುತ್ತಿದ್ದವು. ಕೆಲಸ ಬಿಟ್ಟು ಅವನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಒಂದು ದಿನ ಗೋಳಗುಮ್ಮಟದ ಮುಂದಿನ ಅಂಗಡಿಗಳಿಗೆ ಡಬ್ಬಿ ಹಾಕಿ ತಿರುಗಿ ಬಂದರೆ ತಗ್ಗು ಬೋಳು. ಒಂದು ಎಸಳೂ ಇಲ್ಲ. ಕಿತ್ತ ಜೊಂಡೆಲ್ಲ ಬದುವಿನ ಮೇಲೆ ಗುಡ್ಡೆಯಾಗಿ ಬಿದ್ದಿತ್ತು. ಅದರ ಪಕ್ಕ ಆರಿಸುವ ಕೆಲಸಕ್ಕೆ ನಿಡೋಣಿಯಿಂದ ಬರುವ ಹೆಣ್ಣುಮಕ್ಕಳು, ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು, ಕೈಕಾಲೆಲ್ಲ ಕೆಸರಾಗಿ, ನಗುತ್ತ ನಿಂತಿದ್ದರು. ಕರೆಂಟ್ ಹೋಗಿತ್ತಂತೆ. ಸುಮ್ಮನೆ ಯಾಕೆ ಕೂರುವುದೆಂದು ಕಳೆಕಸ ತೆಗೆದರಂತೆ. ಹುಟ್ಟಿದಾಗಿನಿಂದ ಹೊಲದಲ್ಲಿ ಕಸ ಕಂಡರೆ ಕೈ ತಡೆಯದ ಮಂದಿ, ನನ್ನ ಮೇಲಿನ ಪ್ರೀತಿಯಿಂದಲೇ ನನ್ನ ಹೊಟ್ಟೆಗೆ ಬೆಂಕಿ ಇಟ್ಟಿದ್ದರು.

ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಎಲ್ಲ ಕೇಳಿಸಿಕೊಂಡ ಮೇಲೆ ಅವರಲ್ಲಿ ಹಿರಿಯಳಾದವಳು ಹೇಳಿದಳು: "ಇದು ಬೆಳಿ ಅಂತ ಒಂದ್ ಮಾತ ಹೇಳಿದ್ರ ನಾವ ಮುಟ್ಟತಿದ್ದೇವೇನ್ರಿ ಅಕ್ಕಾರ?"

ಹೌದು, ಹೇಳದೇ ಇದ್ದವಳು ನಾನೇ. ಹೊತ್ತು ಮುಳುಗುವುದರೊಳಗೆ ಅವರೇ ಗುಡ್ಡೆಯಿಂದ ಬುಡಗಳನ್ನು ಆರಿಸಿ ಮತ್ತೆ ನೆಟ್ಟರು. ಬುಡ ಹಿಡಿಯುವ ತನಕ ತೊಳೆಯುವ ಕೆಲಸ ನಿಲ್ಲಿಸಿದೆ. ಕೊಳ್ಳುವವರು ಫೋನಿನಲ್ಲಿ ಮುಖಕ್ಕೆ ಉಗಿದಂತೆ ಮಾತಾಡಿದರು. ಉಗಿಯಲಿ, ಆಯಿಗೆ ಕೊಟ್ಟ ಮಾತು ದೊಡ್ಡದಾಗಿತ್ತು. ಜೊಂಡು ಸುಲಭಕ್ಕೆ ಸಾಯುವ ಜಾತಿಯಲ್ಲ, ಚಳಿ ಬೀಳುವ ಹೊತ್ತಿಗೆ ತಗ್ಗು ಮತ್ತೆ ಹಸಿರಾಯಿತು.

ಎಳ್ಳಮಾವಾಸ್ಯೆಯ ದಿನ ಶೆಡ್ಡಿಗೆ ರಜೆ. ಆದರೂ ಮಧ್ಯಾಹ್ನ ಆ ಹೆಣ್ಣುಮಕ್ಕಳು ತಮ್ಮೂರಿನ ಹೊಲಗಳ ಪೂಜೆ ಮುಗಿಸಿ, ಟಂಟಂ ಆಟೋದಿಂದ ಇಳಿದು, ತಲೆಯ ಮೇಲೆ ಬುಟ್ಟಿ ಹೊತ್ತು ಬಂದರು. ಮೊದಲೇ ಹೇಳಿ ಕಳಿಸಿದ್ದರು, ಬೆಳೆ ಅಂದ ಮೇಲೆ ಚರಗ ಚೆಲ್ಲಲೇಬೇಕು ಎಂದು. ನಿಂತ ಪೈರಿಗೆ, ಭೂಮಿತಾಯಿಗೆ ಅಡುಗೆಯ ಎಡೆ ಬೀರುವ ಪದ್ಧತಿ ಅದು. ಸಜ್ಜೆ ಕಡಬು, ಪುಂಡಿಪಲ್ಯ ಕೂಡಿಸಿ ಜೊಂಡಿನ ಸುತ್ತ ಬೀರುತ್ತ ನಡೆದರು. ಯಾರೂ ನಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಬಂದದ್ದನ್ನು ಯಾಕೆ ಮುಚ್ಚಿಡಲಿ.

ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದ್ದೆ. ಕುಡಿಯಬಹುದು ಎಂದು ಬರೆದ ಕಾಗದ ಹಿಂದಿನ ದಿನವೇ ಕೈ ಸೇರಿತ್ತು. ಅದನ್ನು ಹಿಡಿದು ಬೇಲಿ ದಾಟಿದೆ. ಆಯಿ ತನ್ನ ಹೊಲದ ಚರಗ ಮುಗಿಸಿ ಬಾವಿಕಟ್ಟೆಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಅದೇ ಕ್ಯಾನು. ನಾನು ಓದಿ ಹೇಳಿದ್ದನ್ನು ಪೂರ್ತಿ ಕೇಳಿದಳು. ಕಾಗದ ಮುಟ್ಟಲಿಲ್ಲ. ಎದ್ದು ಕೊಡ ಇಳಿಬಿಟ್ಟು ನೀರು ಸೇದಿ, ತಂಬಿಗೆ ತುಂಬಿ, ಬುಟ್ಟಿಯಿಂದ ಬೆಲ್ಲದ ಚೂರು ತೆಗೆದು ನನ್ನ ಮುಂದಿಟ್ಟಳು.

"ಕಾಗದ ನನಗ್ಯಾಕ? ನೀ ಕುಡಿ."

ತಂಬಿಗೆ ಎತ್ತಿದೆ. ಆ ಬಾವಿಗೆ ಏನೇನು ಇಳಿದಿತ್ತೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಕೈ ಬಾಯಿಯ ಹತ್ತಿರ ಬಂದು ನಿಂತಿತು. ನಿಂತದ್ದನ್ನು ಆಯಿ ನೋಡಿದಳು. ಬೇಲಿಯ ಆಚೆಯಿಂದ ಹೆಣ್ಣುಮಕ್ಕಳೂ ನೋಡುತ್ತಿದ್ದರು.

ಕುಡಿದೆ. ಸ್ವಲ್ಪ ಸವುಳು, ಉಪ್ಪುಪ್ಪು, ಅದು ಈ ಮಣ್ಣಿನದೇ ರುಚಿ. ಹುಳಿಯಿಲ್ಲ, ವಾಸನೆಯಿಲ್ಲ. ತಂಬಿಗೆ ಖಾಲಿ ಮಾಡಿ ಕೆಳಗಿಟ್ಟೆ.

ಆಯಿ ಅದನ್ನೇ ಮತ್ತೆ ತುಂಬಿ, ತಾನೂ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಬೇಲಿಯ ಕಡೆ ತಿರುಗಿ ಕರೆದಳು.

"ಬರ್ರಿ ಯವ್ವಾ, ನೀರ ಕುಡ್ಯಾಕ ಬರ್ರಿ."