ರೋಗದ ಸಾಲಿಗೆ ಬಿದ್ದ ತವರಿನ ರಾಗಿ

ಅಮೃತೂರಿನ ಹೊಂಬಾಳಮ್ಮ ಹೊಲಕ್ಕೆ ಕಾಲಿಟ್ಟರೆ ಸಾಕು, ಯಾವ ಪೈರು ಉಂಡಿದೆ, ಯಾವುದು ಉಪವಾಸವಿದೆ ಅಂತ ಹೇಳಿಬಿಡುವ ಹೆಂಗಸು. ಅದನ್ನು ಕಂಡೇ ಊರಾಚೆಯ ಬೀಜದ ಕಂಪನಿಯವರು ಅವಳನ್ನು ಪ್ರಯೋಗದ ಹೊಲಕ್ಕೆ ಕರೆದರು. ಬೆಂಕಿ ರೋಗ ತಡೆಯುವ ರಾಗಿ ತಳಿ ಹುಡುಕುವುದು ಅಲ್ಲಿನ ಕಸುಬು. ರೋಗ ಬಿದ್ದ ಎಲೆ ಅರೆದು, ಸೋಸಿ, ಆ ನೀರನ್ನು ಇಳಿಹೊತ್ತಿನಲ್ಲಿ ಪೈರಿಗೆ ಹೊಡೆಯಬೇಕು. ತಡೆದು ನಿಂತದ್ದು ಗೆದ್ದ ಹಾಗೆ. ಮೊದಮೊದಲು ಅವಳಿಗೆ ಕಸಿವಿಸಿಯಾಯಿತು. ಆಮೇಲೆ, ಕೂಸಿಗೆ ಸೂಜಿ ಹಾಕಿಸಿದ ಹಾಗೆ ಅಂದುಕೊಂಡು ಸಮಾಧಾನ ಮಾಡಿಕೊಂಡಳು.

ಹೊಲದ ಉಸ್ತುವಾರಿ ಅಂಜನ್‌ಕುಮಾರ್ ಒಂದು ಮಧ್ಯಾಹ್ನ ಅವಳ ಮನೆಯಲ್ಲಿ ಉಂಡ. ಮುದ್ದೆಯ ರುಚಿಗೆ ಮನಸೋತು, ಇದು ಯಾವ ರಾಗಿ ಎಂದು ಕೇಳಿದ. ಹಾಗಲವಾಡಿಯ ತವರಿನದು, ಅವ್ವ ರಂಗಮ್ಮ ಉಳಿಸಿಕೊಂಡು ಬಂದ ನೇರಳೆ ಗಿಣ್ಣಿನ ತಳಿ. ಅಣ್ಣ ಆ ಹೊಲಕ್ಕೆಲ್ಲ ತೆಂಗು ಇಟ್ಟಿದ್ದಾನೆ, ಇನ್ನು ಬಿತ್ತನೆಗೆ ಇರುವುದು ನನ್ನ ಮಡಕೆಯ ನಾಲ್ಕು ಸೇರು ಮಾತ್ರ ಎಂದಳು. ಡಾಕ್ಟರ ಮುಂದೆ ಮಗುವಿನ ಕಾಯಿಲೆ ಹೇಳುವಂತೆ ಅದರ ಕೊರತೆಯನ್ನೂ ಹೇಳಿದಳು: ಬೆಂಕಿ ರೋಗ ಬಂದರೆ ಎಲ್ಲಕ್ಕಿಂತ ಮೊದಲು ಮಲಗುವುದು ಇದೇ.

“ಕೊಡಿ ಅಮ್ಮ. ರೋಗ ತಡೆಯೋ ತಳಿ ಜೊತೆ ಸೇರ್ಸೋಣ. ಹುಟ್ಟೋ ತಳಿಗೆ ನಿಮ್ಮ ತಾಯಿ ಹೆಸ್ರೇ ಇಡೋಣ,” ಎಂದ.

ಮಡಕೆ ಬರಿದು ಮಾಡಿ ಕೊಟ್ಟಳು. ಜೊತೆ ಕೆಲಸದ ಶಶಿರೇಖಾ ಬಿಡುತ್ತಾಳೆಯೇ? “ನಿಮ್ಮವ್ವನ ಹೆಸ್ರು ಬೋರ್ಡ್ ಮ್ಯಾಲೆ ಬಂದ್ಮೇಲೆ ನಮ್ಮನ್ನ ಮಾತಾಡ್ಸ್ತೀಯೋ ಇಲ್ವೋ ಕಣಕ್ಕಾ.”

ಮುಂದಿನ ಮುಂಗಾರಿನಲ್ಲಿ ಹೊಂಬಾಳಮ್ಮ ಎಂದಿನಂತೆ ರೋಗದ ನೀರು ಹೊಡೆದಳು. ವಾರ ಕಳೆದು ಎಲೆ ನೋಡಲು ಬಗ್ಗಿದವಳು ಹಾಗೇ ನಿಂತಳು. ತಳಿಗಳ ನಡುನಡುವೆ ಬಿತ್ತಿದ ಸಾಲುಗಳಲ್ಲಿ ಎಲೆಯೆಲ್ಲ ಬೂದಿ ಬಣ್ಣದ ಚುಕ್ಕೆ. ಗಿಣ್ಣಿನಲ್ಲಿ ಮಾತ್ರ ಈಗಷ್ಟೇ ಮೂಡಿದ ಅದೇ ನೇರಳೆ ಬಣ್ಣ. ಅವ್ವನ ರಾಗಿ.

ಅಂಜನ್‌ಕುಮಾರನನ್ನು ಕರೆದು ಕೇಳಿದಳು. ಅವನು ಮುಚ್ಚಿಡಲಿಲ್ಲ. ಉಳಿದ ತಳಿಗಳು ತಡೆಯುತ್ತವೋ ಎಂದು ನೋಡಲು, ರೋಗ ಬೇಗ ಹಿಡಿದು ಸುತ್ತಲೂ ಹಬ್ಬಿಸುವ ಪೈರೊಂದು ನಡುವೆ ಇರಲೇಬೇಕು, ಇದರಷ್ಟು ಬೇಗ ಹಿಡಿಯುವುದು ಬೇರೆ ಸಿಗಲಿಲ್ಲ ಎಂದ. ಜೊತೆ ಸೇರಿಸುವ ಮಾತೇನಾಯಿತು ಎಂದಳು. ಅದು ಪ್ಲಾನಿನಲ್ಲೇ ಇರಲಿಲ್ಲವಂತೆ.

ಹೋಗಲಿ, ಒಂದು ಹಿಡಿ ಬಿತ್ತನೆ ವಾಪಸ್ಸು ಕೊಡಿ ಎಂದಳು. ಪೂರ್ತಿ ಬಿತ್ತಿಯಾಗಿತ್ತು. ಇಲ್ಲಿ ಬೆಳೆದದ್ದನ್ನು ಆಚೆಗೆ ಬಿಡುವಂತಿಲ್ಲ, ಕೊನೆಗೆ ಸುಡುವುದೇ ರೂಲ್ಸು.

“ಅದ್ರ ಕಾಯಿಲೆ ನಿಮ್ಗೆ ಹೇಳ್ದೋಳು ನಾನೇ. ವಾಸಿ ಮಾಡ್ತೀರ ಅಂತ ಹೇಳ್ದೆ ಸಾ,” ಎಂದಳು ಹೊಂಬಾಳಮ್ಮ.

ಎರಡನೇ ಸಲ ರೋಗದ ನೀರು ಹೊಡೆಯುವ ದಿನವೂ ಬಂತು. ಉಳಿದ ಸಾಲುಗಳಿಗೆಲ್ಲ ಹೊಡೆದಳು. ತವರಿನ ಸಾಲು ಬಂದಾಗ ಬೆನ್ನಿನ ಸ್ಪ್ರೇಯರ್ ಬಿಚ್ಚಿ ನೋಡಲು ಬಂದಿದ್ದ ಅಂಜನ್‌ಕುಮಾರನ ಕಾಲ ಬಳಿ ಇಟ್ಟಳು.

“ಇವಕ್ಕೆ ನೀವೇ ಹೊಡ್ಕಳಿ.”

ಅವನು ಆಚೀಚೆ ನೋಡಿದ. ಶಶಿರೇಖಾ ನೆಲ ನೋಡುತ್ತಿದ್ದಳು. ಕೊನೆಗೆ ತಾನೇ ಎತ್ತಿ ಬೆನ್ನಿಗೇರಿಸಿದ. ಹೊಂಬಾಳಮ್ಮ ಬದುವಿನ ಮೇಲೆ ನಿಂತು, ಕಡೆಯ ಗಿಡ ನೆನೆಯುವವರೆಗೂ ಅವನ ಕೈಯನ್ನೇ ನೋಡಿದಳು.