ಜಾವಗಲ್ಲಿನ ಬಾವುಟಕ್ಕೊಂದು ತಿದ್ದುಪಡಿ

ಅಕ್ಟೋಬರ್ ಕೊನೆಯ ವಾರ ಅರಸೀಕೆರೆಯ ಬಟ್ಟೆ ಅಂಗಡಿಗೆ ಹೋಗಿ ನೋಡಿ. ಹಳದಿ, ಕೆಂಪು ಥಾನುಗಳು ಅಕ್ಕಪಕ್ಕ ನಿಂತಿರುತ್ತವೆ, ಹೊಸಬಟ್ಟೆಯ ಗಂಜಿ ವಾಸನೆ ಬೀದಿಗೂ ಬರುತ್ತದೆ. ನಿನ್ನೆ ಆ ವಾಸನೆಗೆ ನನ್ನದೊಂದು ಹಳೆಯ ತಪ್ಪು ನೆನಪಾಯಿತು.

ತೊಂಬತ್ತರ ದಶಕದಲ್ಲಿ ನಾನು ಜಿಲ್ಲಾ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ರಾಜ್ಯೋತ್ಸವಕ್ಕೆ ನಾಡಬಾವುಟದ ಬಗ್ಗೆ ಹತ್ತು ಸಾಲು ಬೇಕೆಂದರು. ಅರವತ್ತರ ದಶಕದ ಕನ್ನಡ ಚಳವಳಿಯಲ್ಲಿ ಹುಟ್ಟಿದ್ದು, ಮೇಲೆ ಅರಿಶಿನ, ಕೆಳಗೆ ಕುಂಕುಮ ಎಂದೆಲ್ಲ ಬರೆದರೂ ಒಂಬತ್ತೇ ಸಾಲಾಯಿತು. ಹತ್ತನೆಯದಕ್ಕೆ, 'ಇದು ಮುತ್ತೈದೆಯ ಸೌಭಾಗ್ಯದ ಗುರುತು' ಎಂದು ಸೇರಿಸಿದೆ. ಓದಲು ಚೆನ್ನಾಗಿತ್ತು, ಅಷ್ಟೆ.

ನವೆಂಬರ್ ಒಂದರ ಬೆಳಿಗ್ಗೆ ಜಾವಗಲ್ಲಿನಲ್ಲಿ ಬಸ್ಸಿಳಿದಾಗ ಕಂಬ ಸಿದ್ಧವಿತ್ತು, ಬಾವುಟ ಏರಿರಲಿಲ್ಲ. ಅದನ್ನು ಹೊಲಿದವರು ರತ್ನಮ್ಮ. ದರ್ಜಿಯಾಗಿದ್ದ ಗಂಡ ತೀರಿಕೊಂಡ ಮೇಲೆ ಅವರದೇ ಮಿಷನ್ನಿನ ಮುಂದೆ ಕೂತು ಹೊಲಿದ ಮೊದಲ ಬಾವುಟ. ಅದು ಮಡಿಕೆ ಬಿಚ್ಚದೆ ಮನೆಗೆ ಮರಳಿದ್ದರೆ ಸುತ್ತಲಿನ ಶಾಲೆಗಳವರೂ ಬಟ್ಟೆ ಹೊಲಿಸಲು ಅವರ ಬಾಗಿಲಿಗೆ ಬರುವುದು ನಿಲ್ಲುತ್ತಿತ್ತು. ಉತ್ಸವ ಸಮಿತಿಯ ಹಿರಿಯರಾದ ನಂಜಪ್ಪ ಮೇಷ್ಟ್ರು, ಗಂಡನಿಲ್ಲದವಳು ಹೊಲಿದದ್ದು ಬೇಡವೆನ್ನುತ್ತಿದ್ದರು. ಕೈಯಲ್ಲಿ ಅಂದಿನ ಪತ್ರಿಕೆ. ಬೆರಳು ನನ್ನ ಹತ್ತನೆಯ ಸಾಲಿನ ಮೇಲೆ.

"ನಾನಲ್ಲ ಕಣಮ್ಮ, ಪೇಪರೇ ಹೇಳ್ತೈತೆ. ಅಗೋ, ಬರೆದೋರೇ ಬಂದವ್ರೆ, ಕೇಳು."

"ನಮ್ಮನೆ ಹೊಸಲಿಗೆ ದಿನಾ ಅರಿಶಿನ ಹಚ್ಚೋಳು ನಾನೇ ಮೇಷ್ಟ್ರೇ. ಹೊಸಲು ಬ್ಯಾಡ ಅಂದಿಲ್ಲ" ಎಂದ ರತ್ನಮ್ಮ ನನ್ನ ಕಡೆ ತಿರುಗಿದರು. "ಯಾರ್ನ ಕೇಳಿ ಬರೆದ್ರಿ?"

ಮೂಲವಿಲ್ಲದೆ ಒಂದಕ್ಷರ ಬರೆಯಬಾರದೆಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು. ಯಾರನ್ನೂ ಕೇಳಿಲ್ಲ, ಜಾಗ ತುಂಬಿಸಲು ಬರೆದದ್ದು, ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡೆ. ಮೇಷ್ಟ್ರು ಕನ್ನಡಕ ತೆಗೆದು, ಈ ಮಾತನ್ನೂ ಪೇಪರಿನಲ್ಲಿ ಹಾಕುತ್ತೀರೇನು ಎಂದು ಕೇಳಿದರು. ಹಾಕುತ್ತೇನೆ ಎಂದೆ. ಅವರು ಪತ್ರಿಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಗ್ಗ ಹಿಡಿದಿದ್ದವರನ್ನು ಗದರಿದರು.

"ಏನ್ಲಾ ನೋಡ್ತಾ ನಿಂತಿದ್ದೀರಾ, ಕಟ್ರಲಾ."

ಹಗ್ಗದವರು ಹಾಕಿದ ಗಂಟು ರತ್ನಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಬಿಚ್ಚಿ ತಾವೇ ಕಟ್ಟಿದರು. ಬಾವುಟ ಏರಿತು.

ತಿದ್ದುಪಡಿ ಮೂರನೆಯ ದಿನ ಬಂತು, ಒಳಪುಟದಲ್ಲಿ, ಕೊಬ್ಬರಿ ಧಾರಣೆಯ ಕೆಳಗೆ, ಎರಡೇ ಸಾಲು. ನಾನು ಬರೆದದ್ದರಲ್ಲಿ ಜಾವಗಲ್ಲಿನವರು ಕತ್ತರಿಸಿ ಇಟ್ಟುಕೊಂಡದ್ದು ಬಹುಶಃ ಅದೊಂದೇ.

ಈಗ ಬಣ್ಣಗಳ ಅರ್ಥ ಕೇಳಿದವರಿಗೆ, ಹಳದಿ ಶಾಂತಿ, ಕೆಂಪು ಧೈರ್ಯ ಎನ್ನುವವರಿದ್ದಾರೆ, ಅರಿಶಿನ ಕುಂಕುಮದ ಶುಭ ಎನ್ನುವವರೂ ಇದ್ದಾರೆ ಎಂದಷ್ಟೇ ಹೇಳುತ್ತೇನೆ. ನಾಡಿದ್ದು ಮತ್ತೆ ಒಂದನೇ ತಾರೀಕು. ಜಾವಗಲ್ಲಿನಿಂದ ಬಂದ ಆಹ್ವಾನ ಪತ್ರಿಕೆಯಲ್ಲಿ ಧ್ವಜಾರೋಹಣ ಮಾಡುವವರ ಹೆಸರು ಓದಿ, ಅಚ್ಚಿನ ತಪ್ಪಿರಬಹುದೇ ಎಂದು, ಈಗಲೂ ಸಮಿತಿಯಲ್ಲಿರುವ ಮೇಷ್ಟ್ರಿಗೆ ಫೋನ್ ಮಾಡಿದೆ.

"ಹೌದ್ರೀ, ರತ್ನಮ್ಮನೇ" ಎಂದರು. "ಕೇಳಿದ್ರಲ್ಲ, ಈಗ ಬರ್ಕಳಿ."