ಚಿಪ್ಪಣ್ಣನ ಕಪ್ಪು ಡಬ್ಬಿ

ಅಪ್ಪ ಅಮ್ಮ ಇಟ್ಟ ಹೆಸರು ಮನೆಯವರಿಗಷ್ಟೇ ನೆನಪಿದೆ. ಚಾಲಕರ ಬಾಯಲ್ಲಿ ಅವನು ಚಿಪ್ಪಣ್ಣ. ಪಿಕಪ್ ಗಾಡಿಗಳ ಮೆಕ್ಯಾನಿಕ್. ಎಂಜಿನ್ನಿನ ಬಲ ಹೆಚ್ಚಿಸುವ 'ಚಿಪ್' ಎಂದು ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ಬಾನೆಟ್ಟಿನೊಳಗೆ ಸಿಕ್ಕಿಸಿ, "ಇನ್ನು ಗಾಡಿ ಹಾರುತ್ತೆ ನೋಡು" ಎಂದು ಕಳಿಸುವುದು ಅವನ ಕಸುಬು. ಗಾಡಿ ನಿಜಕ್ಕೂ ಚುರುಕಾಗುತ್ತಿತ್ತು. ಅದಕ್ಕೇ ಅವನ ಶೆಡ್ಡಿನ ಮುಂದೆ ಸದಾ ಸಾಲು.

ಡಬ್ಬಿಯಲ್ಲಿರುವುದು ಚಿಪ್ಪೂ ಅಲ್ಲ ಮಣ್ಣೂ ಅಲ್ಲ. ವಿದ್ಯುತ್ತಿಗೆ ತಡೆಯೊಡ್ಡುವ ಒಂದು ಚಿಲ್ಲರೆ ರೆಸಿಸ್ಟರ್. ಒಳಬರುವ ಗಾಳಿ ಎಷ್ಟು ಬಿಸಿ ಎಂದು ಎಂಜಿನ್ನಿಗೆ ತಿಳಿಸುವ ಸೆನ್ಸರಿನ ತಂತಿಯಲ್ಲಿ ಕೂತು, ಗಾಳಿ ತಣ್ಣಗಿದೆ ಎಂದು ಅದು ಸುಳ್ಳು ಹೇಳುತ್ತದೆ. ಎಂಜಿನ್ ನಂಬುತ್ತದೆ, ಇನ್ನಷ್ಟು ಡೀಸೆಲ್ ಕುಡಿಯುತ್ತದೆ, ಕಪ್ಪು ಹೊಗೆ ಕಾರುತ್ತದೆ. ದಾರಿಹೋಕರ ಮೂಗಿಗೆ ಅಡರುವ ಆ ಹೊಗೆಯೇ ಚಾಲಕನಿಗೆ ಗತ್ತು. ಹಾಗಾದರೆ ಚುರುಕು ಬಂದದ್ದೆಲ್ಲಿಂದ? ಡಬ್ಬಿ ಸಿಕ್ಕಿಸುವಾಗ ಚಿಪ್ಪಣ್ಣ ಧೂಳು ಕಟ್ಟಿದ ಏರ್ ಫಿಲ್ಟರನ್ನೂ ಬದಲಿಸುತ್ತಿದ್ದ, ಸೊರಗಿದ ಟೈರುಗಳಿಗೆ ಗಾಳಿಯನ್ನೂ ತುಂಬುತ್ತಿದ್ದ. ಕೆಲಸ ಅವುಗಳದು, ಹೆಸರು ಡಬ್ಬಿಗೆ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಮ್ಮ ನಡುವಿನ ಅರ್ಧಕ್ಕರ್ಧ ಮೋಸ ನಿಂತಿರುವುದೇ ಹೀಗೆ ಕೇಳದವರ ಹೆಗಲ ಮೇಲೆ.

ಕೊನೆಗೆ ಕೇಳಿದವಳು ಅವನ ಅಕ್ಕ. ಮನೆ ಬದಲಿಸುವವರ ಸಾಮಾನು ಸಾಗಿಸಲು ಅವಳೂ ಹಳೆಯ ಪಿಕಪ್ ಒಂದನ್ನು ಕೊಂಡು ತಾನೇ ಓಡಿಸುತ್ತಿದ್ದಳು.

"ನನ್ನ ಗಾಡಿಗೂ ಒಂದು ಹಾಕೋ."

"ನಿಂಗ್ಯಾಕಕ್ಕ ಅದೆಲ್ಲ? ಚೆನ್ನಾಗೇ ಓಡ್ತಿದೆಯಲ್ಲ."

"ಏನ್ ಚೆನ್ನಾಗಿ? ಮಂಚ ಬೀರು ಹೇರಿದ್ರೆ ಏರು ಹತ್ತೋಕೆ ಏದುಸಿರು ಬಿಡುತ್ತೆ. ಊರಿಗೆಲ್ಲ ಹಾಕ್ತೀಯ, ಒಡಹುಟ್ಟಿದವಳು ಕೇಳಿದ್ರೆ ಮೂತಿ ತಿರುಗಿಸ್ತೀಯ?"

"ಆಮೇಲೆ ನೋಡೋಣ ಬಿಡು."

"ನಿನ್ನ ಆಮೇಲೆ ನಂಗೊತ್ತಿಲ್ವಾ? ನಿನ್ನ ಭಾವ ಆಗ್ಲೇ ಅಂದ್ರು, ಬೇರೆ ಕಡೆ ಹಾಕಿಸ್ಕೋ ಅಂತ. ಹೋಗ್ಲಾ?"

ಚಿಪ್ಪಣ್ಣ ಬಟ್ಟೆಗೆ ಕೈ ಒರೆಸಿಕೊಂಡು ದನಿ ತಗ್ಗಿಸಿದ. "ಹೋಗ್ಬೇಡ. ಅದ್ರಲ್ಲಿ ಏನೂ ಇಲ್ಲ. ಸುಮ್ನೆ ಡೀಸೆಲ್ ಕುಡಿಸಿ ಎಂಜಿನ್ ಹಾಳು ಮಾಡುತ್ತೆ."

ಅಕ್ಕ ಅವನನ್ನು ನೋಡಿದಳು. ಆಮೇಲೆ, ಇಟ್ಟಿಗೆ ಸಾಗಿಸುವ ಮೀಸೆಯವನ ಗಾಡಿಯನ್ನು. ಅದಕ್ಕೆ ಡಬ್ಬಿ ಈಗಷ್ಟೇ ಬಿದ್ದಿತ್ತು. ಮೀಸೆಯವನು ಬೆಂಚಿನ ಮೇಲೆ ಟೀ ಹೀರುತ್ತಿದ್ದ.

"ಮತ್ತೆ ಅವ್ರದ್ದೂ ಎಂಜಿನ್ನೇ ಅಲ್ವೇನೋ?"

ಚಿಪ್ಪಣ್ಣ ನೇರ ಹೋಗಿ ಆ ಗಾಡಿಯ ಡಬ್ಬಿಯನ್ನು ಕಿತ್ತ.

"ಗುರೂ, ಈಗ ತಾನೆ ಹಾಕಿದ್ಯಲ್ಲ!"

"ಇದು ಬೇಡ. ಫಿಲ್ಟರ್ ಹೊಸದು, ಟೈರಲ್ಲಿ ಗಾಳಿ ಇದೆ. ಹಾಗೇ ಈ ಎದುರಿನ ಏರು ಹತ್ತಿಸಿ ನೋಡು."

ಗಾಡಿ ಸಲೀಸಾಗಿ ಏರು ಹತ್ತಿದ್ದನ್ನು ಶೆಡ್ಡಿನವರೆಲ್ಲ ನೋಡಿದರು. ಮೀಸೆಯವನು ಮಾತ್ರ ಮುಖ ಗಂಟಿಕ್ಕಿಕೊಂಡು ಇಳಿದ.

"ಜೀವಾನೇ ಇಲ್ಲ ಗುರೂ. ಹೊಗೇನೇ ಬರ್ತಿಲ್ಲ!"

"ಹೊಗೆ ಬರ್ಬಾರ್ದು ಕಣಯ್ಯ."

"ನಂಗೇ ಪಾಠ ಹೇಳ್ಬೇಡ. ಅಕ್ಕಂಗೆ ಹಾಕೋಕೆ ನನ್ನದನ್ನ ಕಿತ್ಯಾ?"

ಬೆಂಚಿನಲ್ಲಿದ್ದವರು ಗೊಳ್ಳೆಂದರು. ಮೀಸೆಯವನು ಡಬ್ಬಿಯನ್ನು ಕಿತ್ತುಕೊಂಡು, ಆಚೆ ರಸ್ತೆಯ ಶೆಡ್ಡಿಗೆ ಗಾಡಿ ತಿರುಗಿಸಿದ. ಸಾಲಿನಲ್ಲಿದ್ದವರೂ ಒಬ್ಬೊಬ್ಬರಾಗಿ ಅವನ ಹಿಂದೆ ಹೊರಟರು. ಸುಳ್ಳು ಮಾರಿದಾಗ ಯಾರೂ ಬಿಟ್ಟುಹೋಗಿರಲಿಲ್ಲ.

ಖಾಲಿಯಾದ ಜಾಗಕ್ಕೆ ಅಕ್ಕ ತನ್ನ ಗಾಡಿ ತಂದು ನಿಲ್ಲಿಸಿದಳು. ಬೇರೆ ದಿನವಾಗಿದ್ದರೆ ಕೀಲಿ ಎಸೆದು ಮನೆಗೆ ನಡೆಯುತ್ತಿದ್ದಳು. ಅಂದು ಹೋಗಲಿಲ್ಲ. ಬಾನೆಟ್ ಎತ್ತಿಸಿ, ಒಳಗೆ ಏನು ಸಿಕ್ಕಿಸುತ್ತಾನೋ ಎಂದು ತಮ್ಮನ ಕೈಗಳನ್ನೇ ನೋಡುತ್ತ ಪಕ್ಕದಲ್ಲಿ ನಿಂತಳು.